ಬಸಣ್ಣನ ಲೌಕರ ಗೇರು

"ನಾಳಿ ಬೀಗರ ಬಾಗಲದಾಗ ನನ್ನ ಗಾಡಿ ಹಾರ್ನ್ ಹೊಡೀಲಿಲ್ಲ ಅಂದ್ರ ನನ್ನ ಬಸಣ್ಣ ಅಂತ ಕರೀಬ್ಯಾಡ! ಬಸ್ ಅಣ್ಣ ಅಂತ ಕರಿ! ಅವತ್ತಿನಿಂದ ಸಾಯೂತನಕ ಎಸ್‌ಟಿ ಬಸ್ಸಿನಾಗೇ ಅಡ್ಡಾಡ್ತೀನಿ!"

ಹೀಗೆಂದು ಸೊಲ್ಲಾಪುರದ ಚಾದರ ವ್ಯಾಪಾರಿ ಬಸಣ್ಣ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡು ಭೀಷ್ಮಪ್ರತಿಜ್ಞೆ ಮಾಡಿದ. ಭೀಷ್ಮನಿಗೆ ಹೆಂಡತಿ ಇರಲಿಲ್ಲ, ಅದಕ್ಕೇ ಆತನ ಪ್ರತಿಜ್ಞೆ ನಡೆಯಿತು. ಬಸಣ್ಣನಿಗೆ ಸುಮಿತ್ರಾಬಾಯಿ ಇದ್ದಳು.

"ಅಲ್ರೀ, ಒಂದೇ ಮಾತು ಕೇಳ್ತೀನಿ," ಎಂದಳು ಆಕೆ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ. "ನಾಳಿ ನಡಿಯೂದು ಮಗನ ನಿಶ್ಚಯಾನೋ, ನಿಮ್ಮ ಗಾಡಿ ಮೆರವಣಿಗ್ಯೋ?"

"ಎರಡೂ!"

ಅದು ಆಣೆ ಹೋಗಿ ನಯಾಪೈಸೆ ಬಂದ ವರ್ಷ. ಯಾರಿಗೂ ಯಾವುದೂ ಸರಿಯಾಗಿ ತಿಳಿಯದೆ ಊರಿಗೆ ಊರೇ ತಲೆ ಕೆರೆದುಕೊಳ್ಳುತ್ತಿದ್ದ ಕಾಲ. ಅಂಥ ಕಾಲದಲ್ಲಿ ಬಸಣ್ಣನ ಮಗ ಸಿದ್ದಣ್ಣನಿಗೆ ಅಕ್ಕಲಕೋಟೆಯ ಶಾಂತಪ್ಪನವರ ಮಗಳು ಕಸ್ತೂರಬಾಯಿ ಗೊತ್ತಾಗಿದ್ದಳು. ಮರುದಿನವೇ ಸಾಖರಪುಡಾ. ಗಂಡಿನ ತಂದೆತಾಯಿ ಸಕ್ಕರೆಯ ಪುಡಿಕೆ ಒಯ್ದು ಹೆಣ್ಣಿನ ಉಡಿಗೆ ಹಾಕಿದರೆ ಮಾತು ಗಟ್ಟಿ, ಇಲ್ಲದಿದ್ದರೆ ಮಾತು ಬರೀ ಗಾಳಿ. ಹೆಣ್ಣಿನ ಅಜ್ಜಿ ರೇವಮ್ಮ ಮಧ್ಯಾಹ್ನ ಹನ್ನೆರಡರ ಗಡುವನ್ನೂ ಮೊದಲೇ ಹೇಳಿ ಕಳಿಸಿದ್ದಳು: "ಬಾರಾ ಹೊಡಿಯೂದ್ರೊಳಗ ಸಕ್ಕರಿ ಉಡಿಯಾಗ ಬೀಳಬೇಕು. ಬಾರಾ ಆದ ಮ್ಯಾಲ ಅಮಾಸಿ ಹತ್ತತದ, ಅದರ ಬೆನ್ನಿಗೆ ಆಷಾಢ. ಅಷ್ಟು ದಿನ ಹುಡುಗಿನ್ನ ಕಾಯಿಸಾಂಗಿಲ್ಲ. ಗುಲಬರ್ಗಾದವರು ಕೇಳಾಕತ್ತಾರ."

ಸಾಖರಪುಡಾಕ್ಕೆ ಗಂಡು ಹೋಗುವ ಪದ್ಧತಿ ಅವರಲ್ಲಿರಲಿಲ್ಲ. ಪಾಪ ಸಿದ್ದಣ್ಣ! ಹುಡುಗಿಯನ್ನು ಒಮ್ಮೆ ನೋಡಿ ಬಂದಾಗಿನಿಂದ ಅಂಗಡಿಯಲ್ಲಿ ಟಾವೆಲ್ಲು ಕೇಳಿದವರಿಗೆ ಜೋಡಿ ಚಾದರ ಕಟ್ಟಿ ಕೊಡುತ್ತಿದ್ದ. ಅವನು ಬಂದು ಅಪ್ಪನ ಮುಂದೆ ಕೈ ಜೋಡಿಸಿದ.

"ಅಪ್ಪಾ, ಬಸ್ಸಿನಾಗ ಹೋಗ್ರಿ. ನನ್ನ ಜಲ್ಮದ ಪ್ರಶ್ನಿ ಅದ."

"ಏ ಹುಚ್ಚಾ! ಅಮೇರಿಕಾದವರು ಮಾಡಿದ ಗಾಡಿ ಅದು!"

"ಮಾಡ್ಯಾರಪ್ಪ. ಮಾಡಿ ನಮಗ ಬಿಟ್ಟು ಹೋಗ್ಯಾರ!"

ಗಾಡಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಅದು ಮುಂಬೈಯಲ್ಲಿ ಮೊದಲು ಒಬ್ಬ ಸಾಹುಕಾರನ ಹತ್ತಿರ ಇತ್ತು. ಆಮೇಲೆ ಸಾಹುಕಾರನ ಅಳಿಯನ ಹತ್ತಿರ ಇತ್ತು. ಅಳಿಯನಿಂದ ಯಾರೂ ಇಸಿದುಕೊಳ್ಳದೆ ದಲಾಲನ ಅಂಗಳದಲ್ಲಿ ನಿಂತಿದ್ದಾಗ ಬಸಣ್ಣನ ಕಣ್ಣಿಗೆ ಬಿತ್ತು. ಮುಂದೆ ಹಲ್ಲು ಕಿಸಿದ ಜಾಲರಿ, ಹಿಂದೆ ಹತ್ತಿಯ ಅಂಡಿಗೆ ಹಿಡಿಯುವ ಡಿಕ್ಕಿ. ಒಳಗೆ ಕುಳಿತರೆ ಕಾಲಿಗೆ ಸಿಗುವುದು ಎರಡೇ ತುಳಿಗೆ: ಒಂದು ಓಡಿಸಲಿಕ್ಕೆ, ಒಂದು ನಿಲ್ಲಿಸಲಿಕ್ಕೆ. ಲಾರಿಗಳಲ್ಲಿರುವ ಕ್ಲಚ್ಚು ಇದಕ್ಕಿಲ್ಲ. ಗೇರನ್ನು ಗಾಡಿ ತನಗೆ ತಾನೇ ಬದಲಿಸಿಕೊಳ್ಳುತ್ತದೆ!

"ಆಟೋಮ್ಯಾಟಿಕ್!" ಎಂದು ಬಸಣ್ಣ ಮೊದಲ ದಿನ ಹೇಳಿದಾಗ ಅವನ ಮೀಸೆ ತನಗೆ ತಾನೇ ಮೇಲೆದ್ದಿತ್ತು.

"ಆಟಾನೂ ಅದ, ಮಾಟಾನೂ ಅದ," ಎಂದಿದ್ದಳು ಸುಮಿತ್ರಾಬಾಯಿ. "ಕಡೀಕ ಟಿಕ್ ಅಂತ ನಿಂತೂ ಬಿಡ್ತದ, ನೋಡ್ತಿರ್ರಿ."

ದಲಾಲನ ಡ್ರೈವರ ಗಾಡಿಯನ್ನು ಸೊಲ್ಲಾಪುರದ ತನಕ ತಂದು, ಕೀಲಿಯನ್ನು ಬಸಣ್ಣನ ಕೈಗಿಟ್ಟು, ಹಿಂದಿರುಗಿ ನೋಡದೆ ರೈಲು ಹತ್ತಿದ. ಸ್ಟೇರಿಂಗಿನ ಕೊರಳಲ್ಲಿ ಒಂದು ಸಣ್ಣ ಹಿಡಿಕೆ. ಅದರ ಮೇಲೆ ಗಾಜಿನೊಳಗೆ ಇಂಗ್ಲಿಷಿನ ನಾಲ್ಕು ಅಕ್ಷರ: ಎನ್, ಡಿ, ಎಲ್, ಆರ್. ಇವುಗಳ ಅರ್ಥವನ್ನು ದಲಾಲ ಮುಂಬೈಯಲ್ಲೇ ಹೇಳಿಕೊಟ್ಟಿದ್ದ, ಆದರೆ ಅದೇ ಹೊತ್ತಿಗೆ ಪಕ್ಕದಲ್ಲಿ ಟ್ರಾಮು ಗಂಟೆ ಬಾರಿಸುತ್ತ ಹೋಗಿತ್ತು. ಬಸಣ್ಣನಿಗೆ ಕೇಳಿಸಿದ್ದು ಟ್ರಾಮಿನ ಮಾತು ಮಾತ್ರ. ಇರಲಿ! ವ್ಯಾಪಾರಿಯ ತಲೆ, ಖಾಲಿ ಕೂರುವುದಿಲ್ಲ. ಒಂದು ಚಹಾ ಕುಡಿಯುವಷ್ಟರಲ್ಲಿ ನಾಲ್ಕೂ ಅಕ್ಷರದ ಗುಟ್ಟು ಒಡೆದ.

"ಎನ್ ಅಂದ್ರ ನಿಂದ್ರು. ಡಿ ಅಂದ್ರ ದಮಾನ. ಎಲ್ ಅಂದ್ರ ಲೌಕರ. ಆರ್ ಅಂದ್ರ ರಿವರ್ಸ್. ಆತಲ್ಲ!"

ಸೊಲ್ಲಾಪುರದವರ ಒಂದೇ ತುತ್ತಿನಲ್ಲಿ ಕನ್ನಡವೂ ಇರುತ್ತದೆ, ಮರಾಠಿಯೂ ಇರುತ್ತದೆ. ದಮಾನ ಎಂದರೆ ನಿಧಾನ, ಲೌಕರ ಎಂದರೆ ಬೇಗ. ಬಸಣ್ಣ ತಾನು ಉಣ್ಣುವುದನ್ನೇ ಗಾಡಿಗೂ ಬಡಿಸಿದ.

ಆದರೆ ಗಾಡಿಗೆ ಅದು ಒಗ್ಗಲಿಲ್ಲ. ಹಿಡಿಕೆಯನ್ನು ದಮಾನದಲ್ಲಿಟ್ಟರೆ ಗಾಡಿ ಮೆಲ್ಲಗೆ ಉಸಿರು ಬದಲಿಸುತ್ತ, ಗೇರಿನ ಮೇಲೆ ಗೇರು ಏರಿಸಿಕೊಂಡು ಚಿಗರೆಯಂತೆ ಚಿಮ್ಮುತ್ತಿತ್ತು. ಲೌಕರದಲ್ಲಿಟ್ಟರೆ ಕಿವಿ ಹರಿಯುವಂತೆ ಒದರುತ್ತ, ನೀರು ಕಂಡ ಎಮ್ಮೆಯಂತೆ ತೂಗಾಡುತ್ತ ನಡೆಯುತ್ತಿತ್ತು. ಬಸಣ್ಣ ಅವಸರವಿದ್ದಾಗ ತಡವಾಗಿ ಮುಟ್ಟುತ್ತಿದ್ದ, ಅವಸರವಿಲ್ಲದಾಗ ಬೇಗ ಮುಟ್ಟಿ ಸುಮ್ಮನೆ ಕೂರುತ್ತಿದ್ದ. ಯೋಚಿಸಿ ಯೋಚಿಸಿ ಅವನ ತಲೆ ಜಾಳುಜಾಳಾಯಿತು. ಗಾಡಿಗೆ ಏನೋ ರೋಗ ಬಡಿದಿದೆ, ನಾಳೆಯೊಳಗೆ ವಾಸಿಯಾಗಬೇಕು!

ಹೆಂಡತಿಯ ಮುಂದೆ ಪ್ರತಿಜ್ಞೆ ಮಾಡಿದ ಬಾಯಿ ಒಣಗುವ ಮೊದಲೇ ಅವನು ಲಾರಿ ಮಿಸ್ತ್ರಿ ಕಾಮಣ್ಣನನ್ನು ಕರೆತಂದ.

"ಕಾಮಣ್ಣ, ಲೌಕರ ಹಾಕಿದ್ರ ದಮಾನ ಹೋಗ್ತದ. ದಮಾನ ಹಾಕಿದ್ರ ಲೌಕರ ಹೋಗ್ತದ."

ಕಾಮಣ್ಣ ಕಿವಿಯ ಮೇಲಿನ ಬೀಡಿ ಇಳಿಸಿದ. "ಇನ್ನೊಮ್ಮಿ ಹೇಳ್ರಿ ಶೇಟಜೀ."

ಬಸಣ್ಣ ಇನ್ನೊಮ್ಮೆ ಹೇಳಿದ.

"ಮತ್ತ ಹೇಳಬ್ಯಾಡ್ರಿ. ಚಕ್ಕರ ಬರಾಕತ್ಯಾದ."

ಕಾಮಣ್ಣ ಒಳಗೆ ಕುಳಿತು ಎಡಗಾಲಿನಿಂದ ಕ್ಲಚ್ಚು ಹುಡುಕಿದ. ಬಲಗಾಲಿನಿಂದ ಹುಡುಕಿದ. ಕಡೆಗೆ ಬಗ್ಗಿ ಕೈಯಾಡಿಸಿ ಹುಡುಕಿದ. ಮುಖ ಬಾಡಿತು.

"ಶೇಟಜೀ, ಕ್ಲಚ್ ಎಲ್ಲದ?"

"ಇಲ್ಲ."

"ಯಾವಾಗ ಕಳುವಾತ್ರಿ?"

"ಕಳುವಾಗಿಲ್ಲೋ ಮಾರಾಯಾ! ಇದಕ್ಕ ಹುಟ್ಟಾನೇ ಇಲ್ಲ!"

"ಅವ್ವಾ ನಮ್ಮವ್ವಾ! ಮುಂಬೈದಾಗ ಕಿಸೆ ಕತ್ತರಸ್ತಾರ ಅಂತ ಕೇಳಿದ್ದೆ, ಕಾಲ ಬುಡಕಿಂದೂ ಕತ್ತರಸ್ತಾರ ಅಂತ ಗೊತ್ತಿರಲಿಲ್ಲ ನೋಡ್ರಿ!"

ಕಾಮಣ್ಣ ಗಾಡಿಯ ಕೆಳಗೆ ತೂರಿದ. ಅಲ್ಲಿಂದ ಕೆಮ್ಮು ಬಂತು, ಠಣ್ ಠಣ್ ಎಂಬ ಸುತ್ತಿಗೆಯ ಸದ್ದು ಬಂತು, ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಮೈತುಂಬ ಮಸಿಯಾಗಿ, ಮುಖತುಂಬ ಜ್ಞಾನೋದಯವಾಗಿ ಕಾಮಣ್ಣನೇ ಬಂದ.

"ಸಿಕ್ತು ಶೇಟಜೀ! ಗೇರು ಉಲ್ಟಾ ಆಗ್ಯಾವ!"

"ಹ್ಯಾಂಗ?"

"ಅಮೇರಿಕಾ ಎಲ್ಲದ ಹೇಳ್ರಿ? ಭೂಮಿ ಬುಡಕ. ನಮಗ ಹಗಲಂದ್ರ ಅವರಿಗೆ ರಾತ್ರಿ. ಅಲ್ಲಿ ನೆಟ್ಟಗ ಕೂಡಿಸಿದ್ದು ಇಲ್ಲಿ ಬಂದ ಮ್ಯಾಲ ಉಲ್ಟಾ ಆಗದ ಏನ್ ಮಾಡ್ತದ?"

ಬಸಣ್ಣನ ಮೈ ಜುಮ್ಮೆಂದಿತು. ಎಂಥ ಶಾಸ್ತ್ರ! ಇಷ್ಟು ದಿನದ ಗೊಂದಲಕ್ಕೆಲ್ಲ ಇದೊಂದೇ ಉತ್ತರ!

"ಈಗ?"

"ಬಡಿದು ಬಡಿದು ಸುಲ್ಟಾ ಮಾಡೀನಿ. ಎಣ್ಣಿ ಮಾತ್ರ ಬದಲಿಸಬೇಕ್ರಿ. ಗೇರಿನ ಡಬ್ಬ್ಯಾಂದು ಕರ್ರಗ ಆಗ್ಯದ. ತೆಳ್ಳನ್ನ ಎಣ್ಣಿ ಬೇಕು, ನಮ್ಮ ಸೊಲ್ಲಾಪುರದಾಗ ಸಿಗಾಂಗಿಲ್ಲ."

"ಯಾರ ಹೇಳಿದ್ರು ಸಿಗಾಂಗಿಲ್ಲ ಅಂತ?" ಎಂದ ಬಸಣ್ಣ. ಹೆಂಡತಿ ಹಿತ್ತಲಿಗೆ ಹೋದದ್ದು ನೋಡಿ, ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆ ಹೊಕ್ಕು, ಗಾಣದಿಂದ ಅಂದೇ ಬಂದಿದ್ದ ಕುಸುಬೆ ಎಣ್ಣೆಯ ಡಬ್ಬಿಯನ್ನು ಧೋತರದ ಮರೆಯಲ್ಲಿ ತಂದ. ಗಾಡಿ ಗುಟುಗುಟು ಕುಡಿಯಿತು.

"ಒಂದು ಸುತ್ತು ಓಡಿಸಿ ನೋಡೂಣೇನು?"

"ಔಷಧ ಕುಡಿಸಿದ ಕೂಡ್ಲೇ ರೋಗಿನ್ನ ಯಾರರ ಓಡಸ್ತಾರೇನ್ರಿ? ಬೆಳಗಾಗೂತನಕ ಮಲಗ್ಲಿ!"

ಬೆಳಗಾಯಿತು. ಬಸಣ್ಣ ಜರಿಯ ರುಮಾಲು ತಲೆಗೆ ಸುತ್ತಿದ. ಸುಮಿತ್ರಾಬಾಯಿ ಇಳಕಲ್ ಸೀರೆಯುಟ್ಟು, ಸಕ್ಕರೆಯ ಪುಡಿಕೆ, ಹೆಣ್ಣಿನ ಸೀರೆ, ಹಸಿರು ಬಳೆಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಸಿದ್ದಣ್ಣ ಗಾಡಿಗೂ ನಮಸ್ಕಾರ ಮಾಡಿದ.

ಊರು ದಾಟುವ ತನಕ ದಮಾನ. ಗಾಡಿ ಹೂವಿನಂತೆ ಹೊರಟಿತು. ಕುಂಭಾರಿ ಬಂತು, ಹಿಂದೆ ಸರಿಯಿತು. ಹೆಂಡತಿಗೂ ಆಶ್ಚರ್ಯ.

"ಅಲ್ರೀ, ಎಷ್ಟು ಚಂದ ಹೊಂಟದಲ್ಲ!"

"ಇದು ದಮಾನ! ನಿನಗ ಲೌಕರ ಇನ್ನಾ ತೋರಿಸಿಲ್ಲ."

ತೋರಿಸದೇ ಇದ್ದಿದ್ದರೆ ಕಥೆ ಇಲ್ಲಿಗೇ ಮುಗಿದು ನಾವು ನೀವು ಮನೆಗೆ ಹೋಗಬಹುದಿತ್ತು. ಆದರೆ ಹಿಂದಿನಿಂದ ಒಂದು ಹಾರ್ನು ಕೇಳಿತು. ಅಕ್ಕಲಕೋಟೆಯ ಎಸ್‌ಟಿ ಬಸ್ಸು! ಅದು ಧೂಳೆಬ್ಬಿಸುತ್ತ ಬಂದು ಗಾಡಿಯ ಪಕ್ಕಕ್ಕೆ ಹತ್ತಿತು. ಕಂಡಕ್ಟರ ಬಾಗಿಲಿನಿಂದ ಜೋತು ಬಿದ್ದು ಕೂಗಿದ:

"ಕಾಯ್ ಶೇಟ್, ಅಕ್ಕಲಕೋಟಲಾ? ಯಾ ಕೀ, ಜಾಗಾ ಆಹೇ!"

"ಜಾಗಾ ಅದ ಅಂತಾನ್ರೀ," ಎಂದಳು ಸುಮಿತ್ರಾಬಾಯಿ. "ನಿಂದ್ರಸ್ರಿ, ಹತ್ತಿಬಿಡೂಣು."

ಬಸಣ್ಣನ ಕಣ್ಣು ಕೆಂಪಾದವು. ತನ್ನ ಸ್ವಂತ ಗಾಡಿಯಲ್ಲಿ ಕುಳಿತವನಿಗೆ ಬಸ್ಸಿನಲ್ಲಿ ಜಾಗ ತೋರಿಸುವುದೆ? ಉಂಡು ಎದ್ದವನಿಗೆ ಭಿಕ್ಷೆ ನೀಡಿದಂತಾಯಿತು!

"ಹಿಡಕೊಂಡು ಕೂಡು!" ಎಂದು ಗರ್ಜಿಸಿ ಹಿಡಿಕೆಯನ್ನು ಲೌಕರಕ್ಕೆ ಎಳೆದ. ನಿನ್ನೆಯಷ್ಟೇ ಸುಲ್ಟಾ ಮಾಡಿದ ಗೇರು, ಇನ್ನೇನು ಬೇಕು?

ಗಾಡಿ ಒಮ್ಮೆ ಮುಗ್ಗರಿಸಿತು. ರುಮಾಲು ಮೂಗಿಗೆ ಬಂತು. ಆಮೇಲೆ ಎಂಜಿನ್ನು ಒದರಿತು ನೋಡಿ! ಪಾಳಿ ಕೂಗುವ ಗಿರಣಿಯ ಭೋಂಗಾ ಅದರ ಮುಂದೆ ಜೋಗುಳ. ಸದ್ದು ಆಕಾಶಕ್ಕೆ, ಚಕ್ರ ಆಮೆಯ ನಡಿಗೆಗೆ. ಬಸಣ್ಣ ಇನ್ನಷ್ಟು ತುಳಿದ, ಅದು ಇನ್ನಷ್ಟು ಒದರಿತು. ಮುಂದಿನ ಬಸ್ಸು ಆನೆಯಷ್ಟಿದ್ದದ್ದು ಎಮ್ಮೆಯಷ್ಟಾಯಿತು, ಕುರಿಯಷ್ಟಾಯಿತು, ಕೋಳಿಯಷ್ಟಾಯಿತು, ಧೂಳಾಯಿತು.

"ದಮಾನ ಹಾಕ್ರೀ!"

"ದಮಾನ ಹಾಕಿ ಬಸ್ಸು ಹಿಡಿಯಾಕ ಬರ್ತದೇನು? ಬುದ್ಧಿ ಅದ ಏನು ನಿನಗ?"

ವಳಸಂಗ ದಾಟಿತು. ಬಸಣ್ಣ ಕಾಲೆತ್ತಲಿಲ್ಲ. ಆಗ ಸುಮಿತ್ರಾಬಾಯಿಯ ಮೂಗು ಎರಡು ಸಲ ಅರಳಿತು.

"ಯಾರೋ ಹೊಲದಾಗ ಭಜಿ ಕರೀತಾರ್ರೀ."

"ಕರೀಲಿ."

"ಹೊಲ ದಾಟಿದ್ರೂ ವಾಸನಿ ಬರಾಕತ್ಯಾದಲ್ಲ! ನಮ್ಮ ಜೋಡಿನೇ ಬರಾಕತ್ಯಾದ!" ಆಕೆ ಬಗ್ಗಿ ಮೂಸಿದಳು. ಮುಖ ನಿಧಾನವಾಗಿ ಗಂಡನ ಕಡೆ ತಿರುಗಿತು. "ಅಲ್ರೀ... ಇದು ನಮ್ಮ ಗಾಣದ ಕುಸುಬಿ ಎಣ್ಣಿ. ಕಣ್ಣು ಕಟ್ಟಿದ್ರೂ ಹೇಳ್ತೀನಿ. ನಿನ್ನಿ ಡಬ್ಬಿ ಬರಿದಾಗಿತ್ತು, ನಾ ಬೆಕ್ಕಿಗೆ ಬೈದೆ!"

"ಅದು... ತೆಳ್ಳನ್ನ ಎಣ್ಣಿ ಬೇಕಂತ ಕಾಮಣ್ಣ..."

"ಕರಿಗಡಬಿನ ಎಣ್ಣಿ ಗಾಡಿಗೆ ಕುಡಿಸೀರಿ?"

ಬಸಣ್ಣ ಉತ್ತರ ಕೊಡಬೇಕೆನ್ನುವಷ್ಟರಲ್ಲಿ ಗಾಡಿಯೇ ಉತ್ತರ ಕೊಟ್ಟಿತು. ಕೆಳಗಿನಿಂದ ಭುಸ್ಸೆಂದು ನೀಲಿ ಹೊಗೆ. ಎಂಜಿನ್ನು ತಿರುಗುತ್ತಿದೆ, ಚಕ್ರ ತಿರುಗುತ್ತಿಲ್ಲ! ತುಳಿದರೆ ಬಾಯಿ ಮಾಡುತ್ತದೆ, ಹೆಜ್ಜೆ ಕೀಳುವುದಿಲ್ಲ. ಲೌಕರದಲ್ಲೂ ಇಲ್ಲ, ದಮಾನದಲ್ಲೂ ಇಲ್ಲ. ಅಕ್ಕಲಕೋಟೆ ಇನ್ನೂ ಒಂದು ಹರದಾರಿ. ಹೊತ್ತು ನೆತ್ತಿಯತ್ತ ಏರುತ್ತಿತ್ತು.

ಬಸಣ್ಣ ಹಿಡಿಕೆಯನ್ನು ಮೇಲಕ್ಕೆ ಕೆಳಕ್ಕೆ ಆಡಿಸುತ್ತ, "ಡಿ, ದಮಾನ... ಎಲ್, ಲೌಕರ..." ಎಂದು ಮಂತ್ರ ಹೇಳತೊಡಗಿದ. ಸುಮಿತ್ರಾಬಾಯಿ ಬಹಳ ಹೊತ್ತು ಆ ಗಾಜಿನೊಳಗಿನ ಅಕ್ಷರಗಳನ್ನೇ ನೋಡಿದಳು.

"ಅಲ್ರೀ, ಈ ಅಕ್ಷರ ಯಾರು ಬರದಾರ?"

"ಅಮೇರಿಕಾದವರು."

"ಅವರಿಗೆ ಮರಾಠಿ ಬರ್ತದೇನು?"

ಬಸಣ್ಣನ ಕೈ ಹಿಡಿಕೆಯ ಮೇಲೆ ಹಾಗೇ ನಿಂತಿತು.

"ಅಲ್ಲ, ಕೇಳ್ತೀನಿ. ಲೌಕರ ಅನ್ನಾಕ ಅಮೇರಿಕಾದವರು ಎಂದ ಕಲತ್ರು? ನಮ್ಮ ಓಣ್ಯಾಗ ಬಂದು ಕಲತು ಹೋದ್ರೇನು?"

ಗಾಳಿ ಬೀಸಿತು. ದೂರದಲ್ಲೊಂದು ಕತ್ತೆ ಅರಚಿತು. ಬಸಣ್ಣನಿಗೆ ಅದೂ ತನ್ನನ್ನೇ ಕೇಳಿದಂತೆ ಭಾಸವಾಯಿತು.

"ಹಂಗಾದ್ರ... ಎಲ್ ಅಂದ್ರ ಏನು?" ಎಂದು ಸಣ್ಣ ದನಿಯಲ್ಲಿ ಕೇಳಿದ.

"ಲಗಾಡಿ!"

ಓದುಗರೇ, ಆ ಎಲ್ ಅಂದರೆ ಇಂಗ್ಲಿಷಿನ ಲೋ, ಘಟ್ಟ ಹತ್ತುವಾಗ ಗಾಡಿಯನ್ನು ಸಣ್ಣ ಗೇರಿನಲ್ಲೇ ಹಿಡಿದಿಡಲು ಇಟ್ಟದ್ದು. ಬಸಣ್ಣ ಅಂಗೈಯಂತೆ ಸಪಾಟಾದ ರಸ್ತೆಯಲ್ಲಿ ಗಾಡಿಗೆ ಕುಂಭಾರಿಯಿಂದಲೂ ಘಟ್ಟ ಹತ್ತಿಸಿದ್ದ! ಕುಸುಬೆ ಎಣ್ಣೆ ಕಾದದ್ದರಲ್ಲಿ ಆಶ್ಚರ್ಯವೇನು? ಭಜಿ ಹಿಟ್ಟೊಂದು ಕಡಿಮೆಯಾಗಿತ್ತು ಅಷ್ಟೆ.

ಆಗ ರಸ್ತೆಗೆ ಕುರಿಗಳು ಇಳಿದವು. ಹಿಂದೆ ಹೆಗಲ ಮೇಲೆ ಕಂಬಳಿ, ಹಣೆ ತುಂಬ ಭಂಡಾರದ ಅರಿಸಿನ ಬಳಿದುಕೊಂಡ ಕುರುಬ. ಹನ್ನೂರಿನ ಅಮೋಗಸಿದ್ಧ ಎಂದು ತಾನೇ ಹೇಳಿಕೊಂಡ. ಕೋಲಿಗೆ ಗದ್ದವೂರಿ ಗಾಡಿಯನ್ನು ನೋಡಿ, "ಏನಾಗ್ಯದ್ರಿ ಇದಕ್ಕ?" ಎಂದ.

"ಮುಂದ ಹೋಗವಲ್ದು," ಎಂದ ಬಸಣ್ಣ.

ಅಮೋಗಸಿದ್ಧ ಬಾನೆಟ್ಟಿಗೆ ಕಿವಿಗೊಟ್ಟು ಆಲಿಸಿದ. ಬದಿಯನ್ನು ತಟ್ಟಿ ನೋಡಿದ. "ಹೊಟ್ಟಿ ಉಬ್ಬ್ಯಾದ. ಏನರ ತಿನಿಸೀರೇನು?"

"ಕುಸುಬಿ ಎಣ್ಣಿ ಕುಡಿಸ್ಯಾರ," ಎಂದಳು ಸುಮಿತ್ರಾಬಾಯಿ.

"ಅಂದ್ರ ಉಬ್ಬದ ಏನ್ ಮಾಡ್ತದ!" ಎಂದು ಅವನು ಚೀಲದಿಂದ ಚಿಟಿಕೆ ಭಂಡಾರ ತೆಗೆದು, ತನ್ನ ಕುಲದೇವರು ಬೀರೋಬಾನ ಹೆಸರು ಹೇಳಿ ಗಾಡಿಯ ಹಣೆಗೆ ಹಚ್ಚಿದ. "ಹಿಂದ ಸರೀತದೇನು ನೋಡ್ರಿ."

"ಹಿಂದ ಹೋಗಿ ಏನ್ ಮಾಡೂದೋ?"

"ನಮ್ಮ ಟಗರು ಮಲಗಿದ್ರ ಮೊದಲ ಹಿಂದ ಸರಸಿ ನೋಡ್ತೀವ್ರಿ. ಸರದ್ರ ಜೀವ ಅದ ಅಂತ ಲೆಕ್ಕ."

ಕೆಡುವಷ್ಟು ಕೆಟ್ಟಾಗಿದೆ, ಇನ್ನೇನು ಎಂದು ಬಸಣ್ಣ ಹಿಡಿಕೆಯನ್ನು ತುದಿಗೆ, ಆರ್‌ಗೆ ಎಳೆದು ತುಳಿದ. ಗಾಡಿ ಎಳೆಗರುವಿನಂತೆ ಛಂಗನೆ ಹಿಂದಕ್ಕೆ ಓಡಿತು! ಕುರಿಗಳು ದಿಕ್ಕಾಪಾಲಾದವು.

"ಜೀವ ಅದ! ಜೀವ ಅದ!" ಎಂದು ಅಮೋಗಸಿದ್ಧ ಕುಣಿದ.

ಜೀವವೇನೋ ಇತ್ತು. ಆದರೆ ಗಾಡಿಯ ಮೋರೆ ಅಕ್ಕಲಕೋಟೆಗೆ, ಬೆನ್ನು ಸೊಲ್ಲಾಪುರಕ್ಕೆ. ಹೀಗೇ ಹಿಂದೆ ಹೋದರೆ ಮುಟ್ಟುವುದು ತಮ್ಮ ಮನೆಯನ್ನು.

"ಹೊಳ್ಳಿ ಮನಿಗೇ ಹೋಗಿಬಿಡೂಣೇನು?" ಎಂದ ಬಸಣ್ಣ, ದನಿ ಕಳೆದುಕೊಂಡು.

ಇಷ್ಟು ಹೊತ್ತು ಗಂಡನನ್ನು ಚುಚ್ಚುತ್ತಿದ್ದ ಸುಮಿತ್ರಾಬಾಯಿಯ ಕಣ್ಣಲ್ಲಿ ಆಗ ನೀರಾಡಿತು. "ಆ ಹುಡುಗ ಬಾಗಲದಾಗ ನಿಂತು ಹಾದಿ ಕಾಯಾಕತ್ಯಾನ್ರೀ. ಅವನ ಮುಂದ ಈ ಸಕ್ಕರಿ ಹೊಳ್ಳಿ ಒಯ್ದು ಇಡ್ಲೇನು? ತಿರಗಸ್ರಿ ಗಾಡಿ! ಮಾರಿ ಮುಂದ ಮಾಡಿ ಹೋಗ್ಲಿ, ಬೆನ್ನು ಮುಂದ ಮಾಡಿ ಹೋಗ್ಲಿ, ಸಕ್ಕರಿ ಮುಟ್ಟಬೇಕು!"

ಪಕ್ಕದಲ್ಲಿ ದನ ಮೇಯುವ ಬಯಲು. ಅದರೊಳಗೆ ಗಾಡಿ ಹಿಂದುಹಿಂದಾಗಿಯೇ ದೊಡ್ಡದೊಂದು ಪ್ರದಕ್ಷಿಣೆ ಹಾಕಿತು. ಒಮ್ಮೆ ಬೇಲಿಯನ್ನು ಮುದ್ದಾಡಿ, ಒಮ್ಮೆ ಗೊಬ್ಬರದ ಗುಂಡಿಯ ಅಂಚನ್ನು ನೆಕ್ಕಿ, ಕಡೆಗೆ ಬೆನ್ನು ಅಕ್ಕಲಕೋಟೆಗೆ ಮಾಡಿಕೊಂಡು ರಸ್ತೆಗೆ ಬಂತು. ಸುಮಿತ್ರಾಬಾಯಿ ಹಿಂದಿನ ಸೀಟಿಗೆ ಹೋಗಿ ಅದರ ಮೇಲೆ ಮೊಳಕಾಲೂರಿ ಹಿಂದಿನ ಗಾಜಿಗೆ ಮೂಗು ಹಚ್ಚಿದಳು. ಮೋಟಾರಿನ ಇತಿಹಾಸದಲ್ಲಿ ಅಂಥ ಸವಾರಿ ನಡೆದಿರಲಿಕ್ಕಿಲ್ಲ!

"ಬಲಕ್ಕ! ಬಲಕ್ಕ! ಅಯ್ಯಯ್ಯ, ಆ ಬಲಕ್ಕಲ್ರೀ!"

"ಯಾರ ಬಲಕ್ಕ? ಗಾಡಿ ಬಲಕ್ಕೋ, ನಿನ್ನ ಬಲಕ್ಕೋ?"

"ಉಣ್ಣೂ ಕೈ ಕಡೆ! ಈಗ ತೊಳಕೊಳ್ಳೂ ಕೈ ಕಡೆ! ನೆಟ್ಟಗ! ಎಮ್ಮಿ! ಎಮ್ಮಿ ಬಂತು!"

ಬಸಣ್ಣನ ಕುತ್ತಿಗೆ ಹಿಂಡಿದ ಚಾದರದಂತಾಗಿತ್ತು. ಎದುರಿಗೆ ಚಕ್ಕಡಿಯಲ್ಲಿ ಬಂದ ಮುದುಕನೊಬ್ಬ ಎತ್ತು ನಿಲ್ಲಿಸಿದ.

"ಬರಾಕತ್ತೀರ್ಯೋ, ಹೋಗಾಕತ್ತೀರ್ಯೋ?"

"ಹೊಂಟೀವ್ರಿ, ಅಕ್ಕಲಕೋಟಿಗೆ!"

"ಮಾರಿ ನೋಡಿದ್ರ ಅಲ್ಲಿಂದ ಬಂದಾಂಗ ಅದ..." ಎಂದು ಮುದುಕ ತನ್ನ ಎತ್ತುಗಳ ಮೋರೆ ಯಾವ ಕಡೆ ಇದೆಯೆಂದು ಒಮ್ಮೆ ನೋಡಿಕೊಂಡ.

ಅಂತೂ ಅಕ್ಕಲಕೋಟೆ ಬಂತು, ಶಾಂತಪ್ಪನವರ ಓಣಿ ಬಂತು. ಬಾರಾ ಹೊಡೆಯಲು ಇನ್ನೂ ಸ್ವಲ್ಪ ಹೊತ್ತು. ಚಪ್ಪರದಿಂದ ಇಪ್ಪತ್ತು ಮಾರು ಈಚೆಗೆ ಬಸಣ್ಣ ಗಾಡಿ ನಿಲ್ಲಿಸಿ, ಎಂಜಿನ್ನನ್ನು ಗುಡುಗುಡು ಬಿಟ್ಟು, ಬೆವರೊರೆಸಿಕೊಂಡು ಪ್ರತಿಜ್ಞೆಯಂತೆ ಹಾರ್ನು ಹೊಡೆದ.

ಬೀಗರು ಹಾದಿ ನೋಡಿ ನೋಡಿ ಸಾಕಾಗಿ ಒಳಗೆ ಕುಳಿತಿದ್ದರು. ಹಾರ್ನು ಕೇಳಿ ಮೊದಲು ಹೊರಬಂದವಳು ರೇವಮ್ಮ. ಕಂಡದ್ದೇನು? ಗಾಡಿಯ ಬೆನ್ನು ತಮ್ಮ ಬಾಗಿಲಿಗೆ, ಮೋರೆ ಸೊಲ್ಲಾಪುರಕ್ಕೆ, ಎಂಜಿನ್ನು ಹೊರಡುವ ಅವಸರದಲ್ಲಿ!

"ಅಯ್ಯ ಶಾಂತಪ್ಪಾ! ಬೀಗರು ಬಂದು, ಬಾಗಲದಾಗ ಯಾರೂ ಇಲ್ಲದ್ದು ನೋಡಿ, ಸಿಟ್ಟಾಗಿ ಹೊಳ್ಳಿ ಹೊಂಟಾರ! ಹಿಡೀರೋ!"

ಶಾಂತಪ್ಪ ಕಾಲು ತೊಳೆಯುವ ನೀರಿನ ತಂಬಿಗೆ ಹಿಡಿದೇ ಓಡಿದ. ಹಿಂದೆ ಅಣ್ಣತಮ್ಮಂದಿರು, ಹೆಂಗಸರು, ಅರ್ಧ ಓಣಿ. "ತಪ್ಪಾತ್ರಿ ಬೀಗ್ರ! ಇದಿರುಗೊಳ್ಳಾಕ ಬರಬೇಕಿತ್ತು, ಗಾಡಿ ಸಪ್ಪಳಾನೇ ಕೇಳಲಿಲ್ಲ! ಹೋಗಬ್ಯಾಡ್ರಿ!"

ಬಸಣ್ಣ ನಿಜ ಹೇಳಲೆಂದೇ ಬಾಯಿ ತೆರೆದಿದ್ದ. ತೆರೆದ ಬಾಯಿ ಹಾಗೇ ನಿಂತಿತು. ಆಹಾ! ಗಾಡಿ ಕೆಟ್ಟು ಹಿಂದುಹಿಂದಾಗಿ ಬಂದೆ ಎಂದು ಹೇಳುವುದಕ್ಕಿಂತ ಸಿಟ್ಟಾಗಿ ಹೊರಟಿದ್ದೆ ಎನ್ನುವುದು ಎಷ್ಟು ಮರ್ಯಾದೆಯ ಮಾತು! ಬೀಗನಾದವನು ಬೀಗದೆ ಇದ್ದರೆ ಹೇಗೆ? ಮೀಸೆಯ ಮೇಲೆ ಕೈ ಹೋಯಿತು.

"ಇಲ್ಲ ಶಾಂತಪ್ಪನವರ," ಎಂದ ಗಂಭೀರವಾಗಿ. "ಬಾ ಅನ್ನೋರಿಲ್ಲದ ಬಾಗಲದಾಗ ನಿಂದ್ರೂ ಮಂದಿ ನಾವಲ್ಲ. ಹೊಂಟೀವಿ."

"ಏನ್ ಹಚ್ಚೀರ್ರೀ?" ಎಂದು ಹಿಂದಿನಿಂದ ಸುಮಿತ್ರಾಬಾಯಿ ಪಿಸುಗುಟ್ಟಿ ಅವನ ಬೆನ್ನು ಚಿವುಟಿದಳು.

"ಸುಮ್ಮಿರು! ಇನ್ನೊಮ್ಮಿ ಕರೀತಾರ."

ಇನ್ನೊಮ್ಮೆ ಕರೆದರು. ಬಸಣ್ಣ ಒಲ್ಲೆನೆಂದ. ಮತ್ತೊಮ್ಮೆ ಕರೆದರು. ಕೈಕಟ್ಟಿ ಕುಳಿತು ಆಕಾಶ ನೋಡಿದ. ಶಾಂತಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅದನ್ನು ನೋಡಿದ್ದೇ ರೇವಮ್ಮನ ಬೆನ್ನು ನೆಟ್ಟಗಾಯಿತು.

"ಶಾಂತಪ್ಪಾ, ರುಮಾಲು ತಲಿಗಿ ಇಡು. ಹೋಗೋರ್ನ ಜಗ್ಗಿ ಹಿಡದು ಹೆಣ್ಣು ಕೊಟ್ಟದ್ದು ನಮ್ಮ ಮನಿತನದಾಗಿಲ್ಲ. ಏ, ದಾರಿ ಬಿಡ್ರೋ! ಹೋಗ್ರಿ ಬೀಗ್ರ, ಸುಖವಾಗಿ ಹೋಗ್ರಿ. ಗುಲಬರ್ಗಾದವರಿಗೆ ತಂತಿ ಕೊಟ್ರಾತು."

ಜನ ಎರಡೂ ಬದಿಗೆ ಸರಿದರು. ಗಾಡಿಯ ಮುಂದೆ ಸೊಲ್ಲಾಪುರದ ತನಕ ದಾರಿ ಖುಲ್ಲಾ! ಕಿಟಕಿಯಲ್ಲಿ ಕಸ್ತೂರಬಾಯಿಯ ಮುಖ ಬೆಳ್ಳಗಾಯಿತು. ಎಲ್ಲರೂ ಬಸಣ್ಣ ಹೋಗುವುದನ್ನು ಕಾಯುತ್ತ ನಿಂತರು.

ಈಗ ಬಸಣ್ಣ ಹೋಗಬೇಕು. ಆದರೆ ಹೇಗೆ ಹೋಗುವುದು?

ಇಳಿಯೋಣವೆಂದರೆ ಮಾನ ಬಿಡದು, ಹೋಗೋಣವೆಂದರೆ ಗೇರು ಬಿಡದು. ಇಷ್ಟು ಹೊತ್ತು ತಣ್ಣಗಾಗಿದೆ, ಒಂದು ಸಲ ಹಿಡಿದೀತು, ಓಣಿ ತಿರುಗುವಷ್ಟಾದರೂ ಹೋದರೆ ಅವರೇ ಓಡಿ ಬಂದಾರು ಎಂದು ಹಿಡಿಕೆಯನ್ನು ಡಿಗೆ ಹಾಕಿದ. ಎಂಜಿನ್ನು ಗುಡುಗಿತು, ಗಾಡಿ ಕದಲಲಿಲ್ಲ. ಎಲ್‌ಗೆ ಹಾಕಿದ. ಓಣಿ ನಡುಗುವಂತೆ ಒದರಿತು, ಕೂದಲೆಳೆಯಷ್ಟೂ ಸರಿಯಲಿಲ್ಲ.

"ಹೋಗ್ರಲ್ಲ," ಎಂದಳು ರೇವಮ್ಮ.

"ಹೊಂಟೇನ್ರಿ," ಎಂದ ಬಸಣ್ಣ, ಇದ್ದಲ್ಲೇ ಇದ್ದುಕೊಂಡು.

ಗುಂಪಿನಲ್ಲಿ ಯಾರೋ ಮೂಗೇರಿಸಿ, "ಭಜಿ ವಾಸನಿ ಬರಾಕತ್ಯಾದಲ್ಲ?" ಎಂದರು. ಒಳಗೆ ಗೋಡೆಯ ಗಡಿಯಾರ ಬಾರಾ ಹೊಡೆಯುವ ಮೊದಲಿನ ಕರ್ರೆಂಬ ಸದ್ದು ಮಾಡಿತು.

ಸುಮಿತ್ರಾಬಾಯಿ ಇನ್ನು ತಡೆಯಲಿಲ್ಲ. "ಸರೀರಿ ಅತ್ತ!" ಎಂದು ಹಿಂದಿನ ಸೀಟಿನಿಂದಲೇ ಗಂಡನ ಹೆಗಲ ಮೇಲೆ ಬಗ್ಗಿ, ಬಳೆಗಳ ಕೈ ಚಾಚಿ, ಹಿಡಿಕೆಯನ್ನು ಜಗ್ಗಿ ತುದಿಗೆ ಎಳೆದಳು. ಬಸಣ್ಣನ ಕಾಲು ಇನ್ನೂ ತುಳಿದೇ ಇತ್ತು. ಸಿಟ್ಟಾಗಿ ಹೊರಟ ಬೀಗರ ಗಾಡಿ ಸರ್ರನೆ ಹಿಂದಕ್ಕೆ ಹಾರಿ, ಚಪ್ಪರ ಹೊಕ್ಕು, ಮಾವಿನ ತೋರಣವನ್ನು ತಲೆಯ ಮೇಲೆ ಹೊದ್ದುಕೊಂಡು, ಬಾಗಿಲ ಮೆಟ್ಟಿಲಿಗೆ ಬೆನ್ನು ತಾಗಿಸಿ ನಿಂತಿತು!

ಬಾಗಿಲು ತೆರೆದು ಸುಮಿತ್ರಾಬಾಯಿ ಇಳಿದಳು. ಯಾರ ಮುಖವನ್ನೂ ನೋಡದೆ ಒಂದೇ ಉಸಿರಿಗೆ ಒಳಗೆ ಹೋಗಿ, ಕಸ್ತೂರಬಾಯಿಯ ಉಡಿಗೆ ಸಕ್ಕರೆ ಸುರಿದಳು. ಆಮೇಲೆ ಗಡಿಯಾರ ಬಾರಾ ಹೊಡೆಯಿತು.

ಹೊರಗೆ ಜನ ಗಾಡಿಯ ಸುತ್ತ ನೆರೆದರು. ಬಸಣ್ಣ ಸ್ಟೇರಿಂಗು ಹಿಡಿದುಕೊಂಡೇ ಕುಳಿತಿದ್ದ, ಮುಖ ಇನ್ನೂ ಸೊಲ್ಲಾಪುರದ ಕಡೆಗೆ. ರೇವಮ್ಮ ಗಾಡಿಯನ್ನು ಹಿಂದಿನಿಂದ ನೋಡಿದಳು, ಮುಂದಿನಿಂದ ನೋಡಿದಳು, ಕೆಳಗಿನಿಂದ ತೊಟ್ಟಿಕ್ಕುವ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿದಳು. ಆಮೇಲೆ ಒಂದು ಚಿಟಿಕೆ ಸಕ್ಕರೆಯನ್ನು ಕಿಟಕಿಯೊಳಗೆ ತೂರಿಸಿ ಬಸಣ್ಣನ ಬಾಯಿಗೆ ಹಾಕಿ, ಮಗನ ಕಡೆ ತಿರುಗಿ ಹೇಳಿದಳು:

"ಶಾಂತಪ್ಪಾ, ಈ ಸಂಬಂಧ ಬಿಡಬ್ಯಾಡೋ. ಎಷ್ಟೇ ಸಿಟ್ಟು ಬಂದ್ರೂ ಹೊಳ್ಳಿ ಹೋಗಾಕ ಬರದಂಥಾ ಬೀಗರು ಮತ್ತೆಲ್ಲಿ ಸಿಗ್ತಾರ!"